ಬೇಯಿಸಿದ ತುಂಡು

ಇಪ್ಪತ್ತಾರು ವರ್ಷ ನಾನು ಮಕ್ಕಳಿಗೆ ಒಂದೇ ಮಾತು ಹೇಳಿಕೊಂಡು ಬಂದೆ. ಕಂಡದ್ದನ್ನು ಬರೀರಿ, ಕಾಣಬೇಕು ಅಂತ ಆಸೆಪಟ್ಟದ್ದನ್ನು ಬರೀಬೇಡಿ. ತೀರ್ಮಾನದ ಜಾಗವನ್ನು ಕೊನೆಯವರೆಗೂ ಖಾಲಿ ಬಿಡಿ. ಪ್ರಯೋಗಾಲಯದ ಕರಿಹಲಗೆಯ ಮೇಲ್ಗಡೆ ಇದನ್ನು ಬಿಳಿ ಬಣ್ಣದಲ್ಲಿ ಬರೆಸಿದ್ದವನೂ ನಾನೇ. ಬರಹ ಈಗಲೂ ಅಲ್ಲೇ ಇದೆಯಂತೆ. ನಿವೃತ್ತಿಯಾದ ಮೇಲೆ ನಾನು ಆ ಕಡೆ ತಲೆ ಹಾಕಿಲ್ಲ.

ಸರೋವರದ ದಂಡೆಯ ಮೇಲಿನ ಶಾಲೆ ನಮ್ಮದು. ನಾನು ಜೀವಶಾಸ್ತ್ರದ ಒಲ್ವೆನಿ ಮೇಷ್ಟ್ರು. ಊರಿನವರು ಬೆನ್ನ ಹಿಂದೆ 'ಕಪ್ಪೆ ಕೊಯ್ಯುವವನು' ಅನ್ನುತ್ತಿದ್ದರು, ಎದುರಿಗೆ ಬಂದರೆ ಹಾಸಿಗೆ ಹಿಡಿದ ಅಜ್ಜಿಗೆ ಯಾವ ಮಾತ್ರೆ ಕೊಡಬೇಕು ಅಂತ ನನ್ನನ್ನೇ ಕೇಳುತ್ತಿದ್ದರು. ಆ ಗೌರವ ನನಗೆ ಬೇಕಿತ್ತು. ಅದನ್ನು ಈಗ ಒಪ್ಪಿಕೊಳ್ಳುತ್ತೇನೆ, ಯಾಕೆಂದರೆ ಮುಂದಿನದ್ದೆಲ್ಲ ನಡೆದದ್ದು ಅದರಿಂದಲೇ.

ಆ ವರ್ಷ ಮಾರ್ಚಿ ತಿಂಗಳ ಮೊದಲಲ್ಲೇ ಮೋಡ ಕಟ್ಟಿತು. ಊರೆಲ್ಲ ಬಿತ್ತನೆಗೆ ಇಳಿದಿದ್ದರೂ, ಅಣ್ಣತಮ್ಮಂದಿರ ಮನೆಗಳೆಲ್ಲ ಒಂದೇ ಬೇಲಿಯೊಳಗಿದ್ದ ರಾಗೊತ್ ಮುದುಕನ ಆವರಣದಲ್ಲಿ ಮಾತ್ರ ಗುದ್ದಲಿಗಳು ಗೋಡೆಗೆ ಒರಗಿಕೊಂಡಿದ್ದವು. ನಮ್ಮಲ್ಲಿ ಬಿತ್ತನೆ ಹಿರಿತನದ ಸಾಲಿನಲ್ಲೇ ಆಗಬೇಕು. ಮೊದಲು ಹಿರಿಯವನ ಮನೆ, ಆಮೇಲೆ ಎರಡನೆಯವನದು, ಆಮೇಲೆ ಕಿರಿಯರದು. ಸಾಲು ಮುರಿದರೆ ಮಕ್ಕಳಿಗೆ ಆಗಿಬರುವುದಿಲ್ಲ. ರಾಗೊತ್ ಹಿರಿಯ, ಅವನದು ಮುಗಿದಿತ್ತು. ಎರಡನೆಯವನು ಒಬುರಾ. ನವೆಂಬರಿನಲ್ಲಿ ಮೀನಿಗೆ ಹೋದ ಒಬುರಾ ತಿರುಗಿ ಬಂದಿರಲಿಲ್ಲ. ದೋಣಿ ಮಗುಚಿಕೊಂಡು ಸಿಕ್ಕಿತ್ತು, ಜೊತೆಗಿದ್ದ ಇಬ್ಬರು ಮೂರನೆಯ ದಿನ, ಮುಳುಗಿದವರೆಲ್ಲ ತೇಲುವ ಹಾಗೆ, ಹೆಣವಾಗಿ ತೇಲಿ ಬಂದಿದ್ದರು. ಒಬುರಾ ಮಾತ್ರ ಎಲ್ಲೂ ತೇಲಲಿಲ್ಲ.

ಇದ್ದಾನೆ ಅನ್ನೋಣವೆಂದರೆ ಬಿತ್ತಲು ಬಂದಿಲ್ಲ, ಸತ್ತ ಅನ್ನೋಣವೆಂದರೆ ಹೂತಿಲ್ಲ. ಅವನ ಮನೆ ಬಿತ್ತದೆ ಅವನ ಕೆಳಗಿನ ಮೂವರು ತಮ್ಮಂದಿರ ಮನೆಯಲ್ಲಿ ಒಂದು ಕಾಳೂ ಮಣ್ಣಿಗೆ ಬೀಳುವಂತಿಲ್ಲ. ತಮ್ಮಂದಿರ ಹೆಂಡಿರು ದಿನಾ ಮೋಡ ನೋಡುತ್ತಿದ್ದರು, ಆಮೇಲೆ ರಾಗೊತ್‌ನ ಮುಖ ನೋಡುತ್ತಿದ್ದರು. ಮುದುಕ ಎಷ್ಟು ದಿನ ತಡೆದಾನು? ಕೊನೆಗೆ ಯಾಗೊ ಹೂಳುವುದೆಂದು ತೀರ್ಮಾನವಾಯಿತು.

ಯಾಗೊ ಅಂದರೆ ಮರದಿಂದ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟಂತೆ ಜೋಲುವ, ಮೊಳದುದ್ದದ, ಬೂದು ಬಣ್ಣದ ಕಾಯಿ. ಹೆಣ ಸಿಗದವನ ಬದಲಿಗೆ ಅದನ್ನು ಹೂಳುತ್ತೇವೆ. ಅದಕ್ಕೆ ಅವನ ಹೆಸರಿಟ್ಟು, ಅವನ ಅಂಗಿ ಸುತ್ತಿ, ಅವನ ಮನೆಯೊಳಗೆ ಮಲಗಿಸಿ, ಅತ್ತು, ಗುಂಡಿಗೆ ಇಳಿಸುತ್ತೇವೆ. ಹೆಸರಿಟ್ಟ ಮೇಲೆ ಅದು ಕಾಯಲ್ಲ, ಅದೇ ಅವನು. ಆಮೇಲೆ ಅವನು ಬದುಕಿ ಬಂದರೂ ಆವರಣದ ಬಾಗಿಲು ದಾಟುವಂತಿಲ್ಲ. ಭಾನುವಾರ ರಾಗೊತ್ ಕಾಯಿ ಇಳಿಸಿಕೊಂಡು ಬಂದು ತಮ್ಮನ ಹೆಸರು ಹೇಳಿ ಒಳಗೆ ಮಲಗಿಸಿದ. ಶನಿವಾರ ಮಣ್ಣು.

ಇದು ನನಗೆ ಗೊತ್ತಿತ್ತು, ಊರಿಗೆಲ್ಲ ಗೊತ್ತಿತ್ತು. ಒಬುರಾನ ಮಗಳು ಅಪೊಂಡಿ ನನ್ನ ಮೂರನೇ ಫಾರಂನಲ್ಲಿ ಮುಂದಿನ ಬೆಂಚಿನ ಹುಡುಗಿ. ಸೋಮವಾರ ತರಗತಿಗೆ ಬಂದಾಗ ಅವಳ ಕಣ್ಣು ಊದಿತ್ತು. ನಾನು ಕಂಡೂ ಕಾಣದವನಂತೆ ಪಾಠ ಶುರುಮಾಡಿದೆ.

ಪಾಠ ಅಭಿಸರಣೆ. ಜೀವ ಇರುವ ಗೆಡ್ಡೆಯ ಪ್ರತಿ ಕೋಶಕ್ಕೂ ಒಂದು ತೆಳು ಪೊರೆ ಇದೆ. ಅದು ನೀರನ್ನು ಬಿಟ್ಟುಕೊಳ್ಳುತ್ತದೆ, ಒಳಗಿನ ಸಾರವನ್ನು ಬಿಟ್ಟುಕೊಡುವುದಿಲ್ಲ. ಹಾಗಾಗಿ ತುಂಡನ್ನು ಬರೀ ನೀರಲ್ಲಿಟ್ಟರೆ ಕುಡಿದು ಬಿಗಿಯಾಗುತ್ತದೆ, ಉಪ್ಪುನೀರಲ್ಲಿಟ್ಟರೆ ಕಕ್ಕಿ ಸುಕ್ಕಾಗುತ್ತದೆ. ಬೇಯಿಸಿಬಿಟ್ಟರೆ ಪೊರೆ ಸತ್ತಿತು, ಆಟ ಮುಗಿಯಿತು. ನಾನು ಹಲಗೆಯ ಮೇಲೆ ದೊಡ್ಡದಾಗಿ ಬರೆದೆ: ಬೇಯಿಸಿದ್ದು ಸತ್ತದ್ದು. ಸತ್ತದ್ದು ನೀರು ಕುಡಿಯುವುದಿಲ್ಲ.

ಅಪೊಂಡಿ ಕೈ ಎತ್ತಿದಳು. "ಯಾವತ್ತೂ ಕುಡಿಯೋದಿಲ್ವಾ ಮೇಷ್ಟ್ರೇ?"

"ಸತ್ತ ಮೇಲೆ ಕುಡಿಯೋನು ನಮ್ಮೂರಲ್ಲಿ ಒಬ್ಬನೇ, ಆ ಹೆಂಡದಂಗಡಿ ಯಜಮಾನ," ಅಂದೆ. ತರಗತಿ ನಕ್ಕಿತು. ಅವಳು ನಗಲಿಲ್ಲ.

ಪ್ರಯೋಗಕ್ಕೆಂದು ತರಿಸಿದ್ದ ಆಲೂಗಡ್ಡೆಯನ್ನು ಅಡುಗೆಯವಳು ಬೆಳಗ್ಗೆಯೇ ಸಾರಿಗೆ ಹಾಕಿಬಿಟ್ಟಿದ್ದಳು. ಅವಳಿಗೆ ಬೈದು ಬಂದು, "ನಾಳೆ ಮನೆಯಿಂದ ಏನಾದ್ರೂ ತನ್ನಿ. ಮರಗೆಣಸು, ಸಿಹಿಗೆಣಸು, ಪರಂಗಿಕಾಯಿ, ಏನಾದ್ರೂ. ಕೋಶಕ್ಕೆ ಜಾತಿ ಇಲ್ಲ," ಅಂದೆ. ತುಂಡು ಕೊರೆಯುವ ಹಿತ್ತಾಳೆ ಕೊಳವೆಯನ್ನು ತೊಳೆದು ತರುತ್ತೇನೆಂದು ಅಪೊಂಡಿ ಮನೆಗೆ ಒಯ್ದಳು.

ಮಂಗಳವಾರ ಅವಳು ಹಾಲಿನ ಡಬ್ಬಿಯಲ್ಲಿ ನಾಲ್ಕು ತುಂಡು ತಂದಳು. ನೀಟಾಗಿ ಕೊರೆದಿದ್ದಳು. ಬಿಳುಪಿಗೆ ಬೂದು ಬೆರೆತ, ನಾರು ನಾರಾದ ತುಂಡುಗಳು.

"ಏನೇ ಇದು?"

"ಯಾಗೊ, ಮೇಷ್ಟ್ರೇ."

ಪಕ್ಕದ ಹುಡುಗಿ ತನ್ನ ಸ್ಟೂಲನ್ನು ಅತ್ತ ಎಳೆದುಕೊಂಡಳು. ಹಿಂದಿನ ಬೆಂಚಿನಿಂದ ಯಾರೋ "ಅಯ್ಯೋ, ಅದನ್ನ ಆಚೆ ಬಿಸಾಕೆ ಮಾರಾಯ್ತಿ" ಅಂದರು. ನನಗೆ ರೇಗಿತು. ಇಷ್ಟು ವರ್ಷ ಪಾಠ ಹೇಳಿ ಇಷ್ಟೇನಾ ಫಲ? "ಮರದ ಮೇಲಿರೋ ಕಾಯಿಗೆ ಯಾಕ್ರೋ ಹೆದರ್ತೀರಿ? ಮಾಡು ಮಗಾ, ನೀನು ಮಾಡು," ಅಂದೆ. ಅವಳು ಎಲ್ಲವನ್ನೂ ಸರಿಯಾಗಿ ಐವತ್ತು ಮಿಲಿಮೀಟರಿಗೆ ಕತ್ತರಿಸಿ, ಒಂದನ್ನು ಬರೀ ನೀರಿನ ತಟ್ಟೆಯಲ್ಲಿ, ಒಂದನ್ನು ಉಪ್ಪುನೀರಿನಲ್ಲಿ, ಒಂದನ್ನು ಬೇಯಿಸಿ ಬರೀ ನೀರಿನಲ್ಲಿ ಇಟ್ಟಳು. ನಾಲ್ಕನೆಯದು ಡಬ್ಬಿಯಲ್ಲೇ ಉಳಿಯಿತು.

ಬುಧವಾರ ಬೆಳಗ್ಗೆ ಅಳೆದೆವು. ನೀರಿನದು ಐವತ್ಮೂರು. ಉಪ್ಪಿನದು ನಲವತ್ತಾರು. ಪುಸ್ತಕದಲ್ಲಿ ಇದ್ದ ಹಾಗೇ. ಬೇಯಿಸಿದ್ದು ಐವತ್ನಾಲ್ಕು.

"ತಟ್ಟೆ ಅದಲು ಬದಲು ಮಾಡಿದ್ದೀಯ," ಅಂದೆ.

"ಇಲ್ಲ ಮೇಷ್ಟ್ರೇ. ಚೀಟಿ ಅಂಟಿಸಿದ್ದೆ, ನೋಡಿ."

"ಹಾಗಾದ್ರೆ ಬೇಯಿಸಿಲ್ಲ. ನೀರು ತೋರಿಸಿ ತೆಗೆದಿದ್ದೀಯ. ನಿಮ್ಮಮ್ಮ ಮೀನು ಹೀಗೇನಾ ಬೇಯಿಸೋದು?"

ನಾನೇ ನಾಲ್ಕನೆಯ ತುಂಡನ್ನು ತೆಗೆದುಕೊಂಡು ಸ್ಟೌ ಹಚ್ಚಿದೆ. ಇಪ್ಪತ್ತು ನಿಮಿಷ ಗಡಿಯಾರ ನೋಡಿ ಕುದಿಸಿದೆ. ಹೊರ ತೆಗೆದಾಗ ಅದು ಅತಿಯಾಗಿ ಬೆಂದ ಮರಗೆಣಸಿನಂತೆ ಚಿಮಟದ ತುದಿಯಲ್ಲಿ ಜೋತುಬಿತ್ತು. ತುದಿ ಕತ್ತರಿಸಿ ಐವತ್ತಕ್ಕೆ ತಂದು, ಹೊಸ ತಟ್ಟೆಯಲ್ಲಿ ಹೊಸ ನೀರಿನಲ್ಲಿ ಇಟ್ಟು, ಕೋಣೆಗೆ ಬೀಗ ಹಾಕಿ, ಬೀಗದ ಕೈಯನ್ನು ಕಿಸೆಗೆ ಹಾಕಿಕೊಂಡು ಮನೆಗೆ ಹೋದೆ.

ಗುರುವಾರ ಬೆಳಗ್ಗೆ ಮಕ್ಕಳು ಬರುವ ಮೊದಲೇ ಬಾಗಿಲು ತೆಗೆದೆ. ತಟ್ಟೆಯ ನೀರು ಅರ್ಧಕ್ಕೆ ಇಳಿದಿತ್ತು. ಪಕ್ಕದ ತಟ್ಟೆಗಳ ಬೇಯಿಸಿದ ಮರಗೆಣಸು, ಸಿಹಿಗೆಣಸು ಎಲ್ಲ ಗಂಜಿಯಾಗಿ ಕರಗುತ್ತಿದ್ದವು, ಅವುಗಳ ನೀರು ಇಟ್ಟಷ್ಟೇ ಇತ್ತು. ಯಾಗೊ ತುಂಡನ್ನು ಎತ್ತಿ ತಟ್ಟೆಯ ಅಂಚುಗಳ ಮೇಲೆ ಅಡ್ಡ ಇಟ್ಟೆ. ಅದು ಬಗ್ಗದೆ ಕಡ್ಡಿಯಂತೆ ನೆಟ್ಟಗೇ ಇತ್ತು. ಸ್ಕೇಲು ಹಿಡಿದೆ. ಐವತ್ತೇಳು.

ನನಗೆ ಹೆದರಿಕೆಯಾಯಿತು. ಬೇರೆ ಮಾತೇ ಇಲ್ಲ, ಹೆದರಿಕೆ. ಬೆಳಗಿನ ಬಿಸಿಲು ಕಿಟಕಿಯಿಂದ ಬಿದ್ದಿತ್ತು, ಹೊರಗೆ ಮಕ್ಕಳು ಅಂಗಳ ಗುಡಿಸುತ್ತಿದ್ದ ಸದ್ದು ಕೇಳುತ್ತಿತ್ತು, ನಾನು ಬೆರಳುದ್ದದ ಒಂದು ತುಂಡಿನ ಮುಂದೆ ಬೆವರುತ್ತ ನಿಂತಿದ್ದೆ. ತುಂಡನ್ನು ಮತ್ತೆ ನೀರಿಗೆ ಬಿಟ್ಟಾಗ ಅದು ನೀರು ಎಳೆಯುವುದು ಕಾಣಿಸಿತೋ ಇಲ್ಲವೋ, ಆಣೆ ಇಟ್ಟು ಹೇಳಲಾರೆ. ಅಭ್ಯಾಸಬಲದಿಂದ ಅಪೊಂಡಿಯ ಪ್ರಯೋಗ ಪುಸ್ತಕ ತೆಗೆದು ನನ್ನ ಕೈಯಲ್ಲೇ ಬರೆದೆ: ಗುರುವಾರ, ಏಳು ಗಂಟೆ, ೫೭ ಮಿ.ಮೀ., ಬಿಗಿ.

ಹಿಂದಿರುಗಿ ನೋಡಿದರೆ ಅವಳು ಬಾಗಿಲಲ್ಲಿ ನಿಂತಿದ್ದಳು.

"ಬೆಳೆದಿದೆಯಾ ಮೇಷ್ಟ್ರೇ?"

"ಈ ಕಾಯಿ ಎಲ್ಲಿಂದ ತಂದೆ? ನಿಜ ಹೇಳು."

"ಮನೇಲಿರೋದು. ದೊಡ್ಡಪ್ಪ ತಂದು ಮಲಗಿಸಿರೋದು. ಅಂಗಿ ಸರಿಸಿ ಬೆನ್ನ ಕಡೆ ಕೊರೆದೆ." ಅವಳು ಒಂದು ಹೆಜ್ಜೆ ಒಳಗೆ ಬಂದಳು. "ಅಪ್ಪ ಸತ್ತಿಲ್ಲ ಮೇಷ್ಟ್ರೇ. ಸತ್ತದ್ದು ನೀರು ಕುಡಿಯಲ್ಲ ಅಂತ ನೀವೇ ಬರೆದ್ರಲ್ಲ. ದೊಡ್ಡಪ್ಪನಿಗೆ ಹೇಳ್ತೀನಿ. ನಾನು ಹೇಳಿದ್ರೆ ನಂಬಲ್ಲ, ನೀವು ಹೇಳಿದ್ರೆ ನಂಬ್ತಾರೆ. ಹೇಳ್ತೀರಾ?"

ನಾನು ಆಗ ಹೇಳಿದ ಮಾತು ನೆನಪಿದೆ. "ನೋಡೋಣ," ಅಂದೆ.

ಶುಕ್ರವಾರ ಮಧ್ಯಾಹ್ನ ರಾಗೊತ್ ಹೇಳಿಕಳಿಸಿದ. ಆವರಣದಲ್ಲಿ ಮಾವಿನ ಮರದ ಕೆಳಗೆ ಏಳೆಂಟು ಹಿರಿಯರು ಕೂತಿದ್ದರು. ಒಂದು ಬದಿಗೆ ಕಿರಿಯ ತಮ್ಮಂದಿರು, ಅವರ ಹಿಂದೆ ಹೆಂಡಿರು. ಒಬುರಾನ ಹೆಂಡತಿ ತನ್ನ ಮನೆಯ ಹೊಸ್ತಿಲಲ್ಲಿ ಕಾಲು ಚಾಚಿ ಕೂತಿದ್ದಳು. ಅವಳನ್ನು ತವರಿನ ಹೆಸರಿಂದ ನ್ಯಾರ್ ಯಿಂಬೊ ಅನ್ನುತ್ತಿದ್ದೆವು. ಅಪೊಂಡಿ ಪ್ರಯೋಗ ಪುಸ್ತಕವನ್ನು ಎದೆಗೆ ಅವಚಿಕೊಂಡು ಅವಳ ಪಕ್ಕ ನಿಂತಿದ್ದಳು. ಬೆಳಗ್ಗೆ ನನ್ನ ಮೇಜಿನಿಂದ ಅದನ್ನು ಕೇಳಿ ಪಡೆದಿದ್ದಳು.

"ಬನ್ನಿ ಮೇಷ್ಟ್ರೇ, ಕೂತ್ಕೊಳ್ಳಿ," ಅಂದ ರಾಗೊತ್. "ನಮ್ಮ ಹುಡುಗಿ ಮಾಡಿರೋ ಕೆಲಸ ಕೇಳಿದ್ರಾ? ಹೆಸರಿಟ್ಟು ಮಲಗಿಸಿದ ಮೇಲೆ ಚಾಕು ತಾಗಿಸಿದ್ದಾಳೆ. ನಮ್ಮಪ್ಪನ ಕಾಲದಲ್ಲಾಗಿದ್ರೆ ಏನಾಗ್ತಿತ್ತೋ."

"ಚಾಕು ಅಲ್ಲ ದೊಡ್ಡಪ್ಪ, ಕೊಳವೆ," ಅಂದಳು ಅಪೊಂಡಿ.

"ಬಾಯಿ ಮುಚ್ಚು. ಎರಡಕ್ಕೂ ತೂತು ಒಂದೇ." ಒಂದಿಬ್ಬರು ನಕ್ಕರು. ಮುದುಕ ನಗಲಿಲ್ಲ. ನನ್ನ ಕಡೆ ಬಾಗಿ ದನಿ ತಗ್ಗಿಸಿದ. "ಅವಳು ಒಂದು ಮಾತು ಹೇಳ್ತಾಳೆ. ಬೇಯಿಸಿದ ತುಂಡು ನೀರು ಕುಡೀತಂತೆ. ಬೆಳೀತಂತೆ. ನಿಮ್ಮ ಮುಂದೇನೇ ಆಯ್ತಂತೆ. ನನ್ನ ತಮ್ಮ ಅವನು. ನನಗೇನು ಅವನನ್ನ ಹೂಳೋಕೆ ಅವಸರವೇ? ಇವರೆಲ್ಲ ಬಿತ್ತನೆ ಬಿತ್ತನೆ ಅಂತ ನನ್ನ ತಲೆ ತಿಂತಿದ್ದಾರೆ. ನೀವು ಓದಿದೋರು. ಹೌದು ಅಂತ ಒಂದು ಮಾತು ಹೇಳಿ. ನಾಳೆಯದನ್ನ ನಿಲ್ಲಿಸ್ತೀನಿ. ದೋಣಿ ಕಟ್ಟಿಸಿ ದ್ವೀಪ ದ್ವೀಪ ಹುಡುಕಿಸ್ತೀನಿ. ಮಳೆ ಹೋದ್ರೆ ಹೋಗ್ಲಿ."

"ಮೇಷ್ಟ್ರೇ, ಅದು ಸೀನಿತಾ ಹೆಂಗೆ?" ಅಂದ ಕಿರಿಯ ತಮ್ಮ. ಅವನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಇನ್ನೊಬ್ಬ, "ಕಪ್ಪೆ ಮೇಷ್ಟ್ರು ಈಗ ಮಂತ್ರವಾದಿ ಮೇಷ್ಟ್ರು," ಅಂದ.

ಅಷ್ಟೇ ಸಾಕಾಯಿತು ನನಗೆ. ಸೋಮವಾರ ಹೊತ್ತಿಗೆ ಇದು ಮುಖ್ಯೋಪಾಧ್ಯಾಯಿನಿಯ ಕಿವಿಗೆ, ಸಂತೆಗೆ, ಪಕ್ಕದ ಶಾಲೆಗೆ ಹೋಗುತ್ತದೆ. ಒಲ್ವೆನಿ ಬೇಯಿಸಿದ ಕಾಯಿಗೆ ಜೀವ ಬಂತು ಅಂದನಂತೆ ಅಂತ. ನನ್ನ ನಾಲಗೆ ತಾನಾಗಿಯೇ ಹೊರಳಿತು.

"ಪಿಷ್ಟ ಇರೋ ಕಾಯಿ ಬೆಂದ್ರೆ ಸ್ವಲ್ಪ ಊದ್ಕೊಳ್ಳುತ್ತೆ, ಅದೇನು ದೊಡ್ಡದಲ್ಲ," ಅಂದೆ. ಇಷ್ಟಕ್ಕೇ ನಿಲ್ಲಿಸಿದ್ದರೂ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಾಗುತ್ತಿತ್ತು. ರಾಗೊತ್ ಬಿಡಲಿಲ್ಲ.

"ಅಂದ್ರೆ ಬೆಳೀತಾ, ಇಲ್ವಾ?"

"ಹುಡುಗಿ ಅಳೆದದ್ದು," ಅಂದೆ. "ಅಳತೆ ತಪ್ಪಿರಬೇಕು."

ಆಡಿದ ಮಾತು, ಒಡೆದ ಮುತ್ತು. ಅಪೊಂಡಿ ನನ್ನನ್ನು ನೋಡಿದಳು. ಅವಳ ಕೈಯಲ್ಲಿದ್ದ ಪುಸ್ತಕದಲ್ಲಿ ನನ್ನ ಕೈಬರಹವಿತ್ತು. ತೆರೆದು ತೋರಿಸಿದ್ದರೆ ನನ್ನ ಮರ್ಯಾದೆ ಅಲ್ಲೇ ಮಣ್ಣುಪಾಲಾಗುತ್ತಿತ್ತು. ಆದರೆ ಹಿರಿಯರ ಮುಂದೆ ಗುರುವನ್ನು ಸುಳ್ಳುಗಾರ ಅನ್ನುವ ಮಕ್ಕಳನ್ನು ನಾವು ಬೆಳೆಸಿಲ್ಲ. ಅವಳು ಪುಸ್ತಕವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

ರಾಗೊತ್ ಕೂತಲ್ಲಿಂದ ಎದ್ದು, "ಸರಿ ಹಾಗಾದ್ರೆ," ಅಂದ. ನ್ಯಾರ್ ಯಿಂಬೊ ಎದ್ದು ಒಳಗೆ ಹೋದಳು. ನಾನು ಬಾಗಿಲು ದಾಟುವಾಗ ಅಪೊಂಡಿ ಓಡಿ ಬಂದು ಪುಸ್ತಕ ನನ್ನ ಕೈಗಿಟ್ಟಳು. "ಇದು ನಿಮ್ಮ ಹತ್ರಾನೇ ಇರ್ಲಿ ಮೇಷ್ಟ್ರೇ. ಸಹಿ ಬಾಕಿ ಇದೆ."

ಶನಿವಾರ ನಾನು ಮಣ್ಣಿಗೆ ಹೋಗಲಿಲ್ಲ. ಪುಸ್ತಕ ತಿದ್ದುವ ನೆಪ ಮಾಡಿ ಪ್ರಯೋಗಾಲಯದಲ್ಲಿ ಕೂತೆ. ತಟ್ಟೆಯಲ್ಲಿ ನೀರು ತಳ ಹತ್ತಿತ್ತು. ತುಂಬಿಸಿದೆ. ತುಂಡು ಐವತ್ತೆಂಟಾಗಿತ್ತು. ಅಂಚುಗಳ ಮೇಲೆ ಅಡ್ಡ ಇಟ್ಟು ಎದುರಿಗೆ ಸ್ಟೂಲು ಹಾಕಿಕೊಂಡು ನೋಡುತ್ತ ಕೂತೆ. ಯಾಕೆ ಎಂದು ಕೇಳಬೇಡಿ. ಅದು ಬಗ್ಗಲಿ ಅಂತ ಹಾರೈಸುತ್ತಿದ್ದೆನೋ, ಬಗ್ಗದಿರಲಿ ಅಂತಲೋ, ನನಗೇ ಗೊತ್ತಿಲ್ಲ.

ಹೊರಗೆ ಸುಡು ಬಿಸಿಲು. ಹನ್ನೆರಡಕ್ಕೆ ರಾಗೊತ್‌ನ ಆವರಣದ ಕಡೆಯಿಂದ ಹೆಂಗಸರ ಗೋಳು ಎದ್ದಿತು. ಗುಂಡಿಗೆ ಇಳಿಸುವಾಗ ಏಳುವ ಗೋಳು ಬೇರೆ, ಕೇಳಿದವರಿಗೆ ತಿಳಿಯುತ್ತದೆ. ನನ್ನ ಕಣ್ಣೆದುರಿಗೆ ತುಂಡಿನ ನಡು ನಿಧಾನವಾಗಿ ಕೆಳಗೆ ಬಾಗಿತು. ನಾನು ಮುಟ್ಟಲಿಲ್ಲ. ಗಾಳಿ ಇರಲಿಲ್ಲ. ಅದು ಮೆತ್ತಗಾಗಿ, ಬೆವರಿದಂತೆ ಹನಿ ಹನಿ ನೀರು ಬಿಟ್ಟು, ತಟ್ಟೆಯೊಳಗೆ ಜಾರಿ ಬಿತ್ತು. ಕುಡಿದದ್ದನ್ನೆಲ್ಲ ಕಕ್ಕುತ್ತಿದ್ದಂತೆ ತಟ್ಟೆಯ ನೀರು ಏರಿ ಮೇಜಿನ ಮೇಲೆ ಚೆಲ್ಲಿತು. ಗಡಿಯಾರ ನೋಡಿ ಬರೆದೆ: ಶನಿವಾರ, ಹನ್ನೆರಡು ಗಂಟೆ ಹತ್ತು ನಿಮಿಷ, ೫೦, ಮೆತ್ತಗೆ.

ಮೂರು ಗಂಟೆಗೆ ದೋಣಿ ಬಂತು.

ದಂಡೆಯಲ್ಲಿ ಕೂಗು ಕೇಳಿ ನಾನೂ ಓಡಿದೆ. ಆಚೆ ದಡದ ದ್ವೀಪದ ಬೆಸ್ತನೊಬ್ಬ ದೋಣಿ ಹತ್ತಿಸಿ ಮರಳ ಮೇಲೆ ನಿಂತಿದ್ದ. ದೋಣಿಯೊಳಗೆ ಹಾಯಿಬಟ್ಟೆ ಹೊದಿಸಿ ಮಲಗಿಸಿದ್ದವನು ಒಬುರಾ. ಗಡ್ಡ ಬೆಳೆದಿತ್ತು, ಎಲುಬು ಬಿಟ್ಟುಕೊಂಡಿತ್ತು, ಒಂದು ಕಾಲು ಸೊಟ್ಟಗೆ ಕೂಡಿಕೊಂಡಿತ್ತು. ಮೈ ಇನ್ನೂ ಪೂರ್ತಿ ತಣ್ಣಗಾಗಿರಲಿಲ್ಲ. ಬೆಸ್ತನಿಗೆ ಏನೂ ಗೊತ್ತಿರಲಿಲ್ಲ. ಸುತ್ತ ನೆರೆದು ಅಳುತ್ತಿದ್ದವರೆಲ್ಲ ಯಾವುದೋ ಮಣ್ಣಿನಿಂದ ನೇರ ಎದ್ದು ಬಂದವರು ಎಂಬುದೂ ತಿಳಿದಿರಲಿಲ್ಲ.

"ಬೇಲಿಗೆ ಬಡಿದ ಬಟ್ಟೆ ಹಂಗೆ ನಮ್ಮ ದಂಡೆಗೆ ಬಂದು ಬಿದ್ದಿದ್ದ," ಅಂದ ಅವನು. "ಕಾಲು ಮುರಿದಿತ್ತು, ತಲೆಗೆ ಏಟು. ತಾನು ಯಾರು ಅಂತ್ಲೇ ಗೊತ್ತಿರ್ಲಿಲ್ಲ ಕಣಣ್ಣ. ಈಗ ಹದಿನೈದು ದಿನದ ಹಿಂದೆ ಮಗಳ ಹೆಸರು ಅಂದ, ಆಮೇಲೆ ಊರ ಹೆಸರು ಅಂದ. ಕರ್ಕೊಂಡು ಬರೋಣ ಅನ್ನೋವಾಗ ಈ ಮಂಗಳವಾರ ಜ್ವರ ಹಿಡೀತು ನೋಡು. ಅಬ್ಬಬ್ಬಾ, ಮೈ ಮುಟ್ಟೋಕಾಗ್ತಿರ್ಲಿಲ್ಲ, ಕುದೀತಿತ್ತು. ಹೋದ ಅಂದ್ಕೊಂಡ್ವಿ. ಹೋಗ್ಲಿಲ್ಲ. ಕೊಡದ ಮೇಲೆ ಕೊಡ ನೀರು ಕುಡಿದ. ಗುರುವಾರ ಎದ್ದು ಕೂತ. ಇವತ್ತು ಬೆಳಗ್ಗೆ ತಾನೇ ದೋಣಿ ಹತ್ತಿದ, ನಗ್ತಾ ಇದ್ದ."

"ಆಮೇಲೆ?" ಅಂದ ರಾಗೊತ್. ಅವನ ಕೈಯಲ್ಲಿ ಇನ್ನೂ ಕೆಮ್ಮಣ್ಣು ಅಂಟಿಕೊಂಡಿತ್ತು.

"ಈ ಗುಡ್ಡ ಕಂಡಿತ್ತು. ಅಗೋ ನಮ್ಮ ಮನೆ ಅಂತ ಕೈ ತೋರಿಸ್ದ. ಸೂರ್ಯ ನೆತ್ತಿ ಮೇಲಿದ್ದ. ಇದ್ದಕ್ಕಿದ್ದಂಗೆ ಮುಖ ಒರೆಸಿಕೊಳ್ಳೋಕೆ ಶುರು ಮಾಡ್ದ. ಒರೆಸೋದು, ಕೊಡವೋದು. ಏನಾಯ್ತಣ್ಣ ಅಂದೆ. ಮಣ್ಣು ಬೀಳ್ತಿದೆ ಅಂದ. ನಡುನೀರಲ್ಲಿ ಮಣ್ಣು ಎಲ್ಲಿಂದ ಬೀಳ್ಬೇಕು? ಹಂಗೇ ಒರಗಿಬಿಟ್ಟ. ಮೈಯೆಲ್ಲ ನೀರು ಬಿಟ್ಟುಹೋಯ್ತು."

ರಾಗೊತ್ ತನ್ನ ಎರಡು ಕೈಗಳನ್ನು ನೋಡಿಕೊಂಡು, ನೀರಿಗಿಳಿದು, ಮೊಣಕಾಲುದ್ದದ ನೀರಿನಲ್ಲಿ ಕೂತು ತೊಳೆಯತೊಡಗಿದ. ತೊಳೆಯುತ್ತಲೇ ಇದ್ದ. ಕೊನೆಗೆ ತಮ್ಮಂದಿರು ಹಿಡಿದು ಎಬ್ಬಿಸಬೇಕಾಯಿತು. ಹೂತವನನ್ನು ಬಾಗಿಲಿಂದ ಒಳಗೆ ತರುವಂತಿಲ್ಲವಾದ್ದರಿಂದ ಹಿಂದಿನ ಬೇಲಿ ಮುರಿದು ಒಬುರಾನನ್ನು ಒಳಗೆ ತಂದರು. ಮಧ್ಯಾಹ್ನ ಮುಚ್ಚಿದ ಗುಂಡಿಯನ್ನೇ ಮತ್ತೆ ತೆಗೆದರು. ರಾಗೊತ್ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಕೆಳಗಿನ ಮೂರು ಮನೆಯವರೂ ಆ ವಾರ ಬಿತ್ತಿದರು. ಮಳೆ ಚೆನ್ನಾಗಿ ಬಂತು.

ಹತ್ತು ದಿನ ಕಳೆದು ಅಪೊಂಡಿ ಅಪ್ಪನ ಸೂತಕಕ್ಕೆ ತಲೆ ಬೋಳಿಸಿಕೊಂಡು ಶಾಲೆಗೆ ಬಂದಳು. ತರಗತಿ ಮುಗಿದ ಮೇಲೆ ಒಬ್ಬಳೇ ಉಳಿದಳು. ನಾನು ಸಮಾಧಾನದ ಮಾತು ಹುಡುಕುತ್ತಿದ್ದೆ. ಕ್ಷಮೆ ಕೇಳೋಣ ಅಂತಲೂ ಇತ್ತು. ಮಗಳ ವಯಸ್ಸಿನವಳ ಹತ್ತಿರ ಹೇಗೆ ಕೇಳುವುದು ಎಂಬ ಬಿಗುಮಾನ ಆಗಲೂ ಹೋಗಿರಲಿಲ್ಲ ನೋಡಿ. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ ಅಂತ ನಮ್ಮಂಥವರಿಗೇ ಹೇಳಿದ್ದು.

"ನನ್ನ ಪುಸ್ತಕ ಕೊಡಿ ಮೇಷ್ಟ್ರೇ," ಅಂದಳು.

ಕೊಟ್ಟೆ. ಅವಳು ನಿಂತಲ್ಲೇ ಹಾಳೆ ತಿರುವಿದಳು. ಮೊದಲೆರಡು ಸಾಲು ಅವಳ ಕೈಬರಹ, ಕೆಳಗಿನದೆಲ್ಲ ನನ್ನದು. ಗುರುವಾರದ್ದನ್ನು ಓದಿದಳು, ಶನಿವಾರ ಹನ್ನೆರಡು ಗಂಟೆ ಹತ್ತು ನಿಮಿಷದ್ದನ್ನು ಓದಿದಳು. ಅದರ ಮೇಲೆ ಬೆರಳಿಟ್ಟಳು. ಅಳಲಿಲ್ಲ. ಆಮೇಲೆ ನನ್ನ ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು, ನಾನು ಕಲಿಸಿದ ಹಾಗೆ ಕೊನೆಯವರೆಗೂ ಖಾಲಿ ಬಿಟ್ಟಿದ್ದ ತೀರ್ಮಾನದ ಜಾಗದಲ್ಲಿ ದುಂಡಾಗಿ ಬರೆದು ಪುಸ್ತಕವನ್ನು ನನ್ನ ಕಡೆ ತಿರುಗಿಸಿದಳು.

'ಅಳತೆ ತಪ್ಪಿರಲಿಲ್ಲ.'

"ಸಹಿ ಹಾಕಿ ಮೇಷ್ಟ್ರೇ," ಅಂದಳು.

ಹಾಕಿದೆ.